ಸೆಕೆಗೆ ಒಂದಾಗುವ ಬಂಗಾರ

ಬಸ್ಸು ಕೆಡಬಹುದಿತ್ತು. ಬಸ್ಸು ಕೆಡದಿದ್ದರೂ ಪಕ್ಕದಲ್ಲಿ ಕೂತವರು ತೂಕಡಿಸಿ ನನ್ನ ಚೀಲದ ಮೇಲೆ ಒರಗಿ ಒಳಗಿದ್ದ ಎಂಟು ಗಾಜಿನ ಶೀಶೆಗಳನ್ನು ಪುಡಿ ಮಾಡಬಹುದಿತ್ತು. ಮುಚ್ಚಳ ಸಡಿಲವಾಗಿ, ಕೆಂಪು ದ್ರಾವಣ ಚೀಲದ ತಳದಿಂದ ತೊಟ್ಟಿಕ್ಕಿ, ಕಂಡಕ್ಟರ್ ಅದನ್ನು ರಕ್ತವೆಂದು ತಿಳಿದು ಬಸ್ಸನ್ನು ನೇರ ಪೊಲೀಸ್ ಠಾಣೆಗೆ ತಿರುಗಿಸಬಹುದಿತ್ತು. ಕಮಲಾಪುರದ ಶಾಲೆಯಲ್ಲಿ ಯಾವುದಾದರೂ ಮಗು ಅದನ್ನು ಶರಬತ್ತೆಂದು ಕುಡಿಯಬಹುದಿತ್ತು. ಮುಖ್ಯೋಪಾಧ್ಯಾಯಿನಿ ಕಾರ್ಯಕ್ರಮವನ್ನೇ ಮರೆತು ರಜೆ ಹಾಕಿರಬಹುದಿತ್ತು. ಕರೆಂಟು ಹೋಗಬಹುದಿತ್ತು; ಕರೆಂಟು ಇದ್ದು ಮೈಕು ಕಿರುಚಬಹುದಿತ್ತು. ಎಂಟೂ ಶೀಶೆಗಳಲ್ಲಿ ದ್ರಾವಣ ಬಣ್ಣ ಬದಲಿಸದೆ ಮೊಂಡು ಹಿಡಿಯಬಹುದಿತ್ತು. ಬದಲಿಸಿ ಮರಳಿ ಬಾರದೆ ಹೋಗಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಭಯ ಬೇರೆ ಇತ್ತು: ಕಾಶೀಬಾಯಿ ಅಷ್ಟು ಜನರ ಎದುರು ನಿಂತು “ಇದು ಬಂಗಾರ” ಎಂದಾಗ, ಅವರ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಸುಗಲಾಬಾಯಿ, ಮುಂದಿನ ಸಾಲಿನಲ್ಲಿ ಕೂತು ನಕ್ಕುಬಿಡಬಹುದಿತ್ತು.

ಇದನ್ನೆಲ್ಲ ನಾನು ಹಿಂದಿನ ದಿನ ಒಂದು ಹಾಳೆಯಲ್ಲಿ ನಂಬರು ಹಾಕಿ ಬರೆದಿಟ್ಟಿದ್ದೆ. ನನ್ನ ಹೆಂಡತಿ ಅದನ್ನು ಓದಿ, “ಇದು ಎಷ್ಟು ಮಾರ್ಕ್ಸಿನ ಪೇಪರ್‌ರೀ?” ಎಂದು ಕೇಳಿದಳು. ಹಾಳೆಯಲ್ಲಿದ್ದ ಒಂದೂ ನಡೆಯಲಿಲ್ಲ. ನಡೆದದ್ದು ಹಾಳೆಯಲ್ಲಿ ಇರದಿದ್ದ ಒಂದು ಸಣ್ಣ ಸಂಗತಿ. ಅದು ಅರ್ಥವಾಗಬೇಕಾದರೆ ಕಾಶೀಬಾಯಿ ಯಾರೆಂದು ತಿಳಿದಿರಬೇಕು.

ಅವರ ಕೈಗಳನ್ನಷ್ಟೇ ನೋಡಿದವರು ವಯಸ್ಸನ್ನು ತಪ್ಪಾಗಿ ಎಣಿಸುತ್ತಿದ್ದರು. ಮುಖಕ್ಕೆ ಐವತ್ತಾದರೆ ಕೈಗೆ ಎಪ್ಪತ್ತು. ಕಲಬುರಗಿಯ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಅಟೆಂಡರ್ ಆಗಿದ್ದು, ಆಮ್ಲ ಹಾಕಿ ಗಾಜು ತೊಳೆದು ತೊಳೆದು ಬೆರಳ ತುದಿಗಳು ಬೆಳ್ಳಗೆ ಸುಲಿದಿದ್ದವು. ಗಂಡ ಅದೇ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಇವರಿಗೆ ನೌಕರಿ ಸಿಕ್ಕಿತ್ತು. ಏಳನೇ ಇಯತ್ತೆಯವರೆಗೆ ಓದಿದ್ದರು. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ತಮ್ಮ ಹಿತ್ತಲಿನ ಎರಡು ಕೆಂಪು ಬಾಳೆಹಣ್ಣು. ಒಂದು ಅವರಿಗೆ, ಒಂದು ನನಗೆ.

“ತಿನ್ರಿ ಸರ್,” ಎನ್ನುತ್ತಿದ್ದರು. “ಫಿಕರ್ ಮಾಡಾಕೂ ಮೈಯಾಗ ಶಕ್ತಿ ಬೇಕಲ್ಲ.”

ನನ್ನ ಬೆನ್ನ ಹಿಂದೆ ಅವರು ನನ್ನನ್ನು ‘ಫಿಕರ್ ಸರ್’, ಅಂದರೆ ಚಿಂತೆಯ ಸರ್, ಎಂದು ಕರೆಯುತ್ತಿದ್ದರೆಂದು ವಿದ್ಯಾರ್ಥಿಯೊಬ್ಬನಿಂದ ತಿಳಿಯಿತು. ನನಗೆ ಬೇಸರವಾಗಲಿಲ್ಲ. ಹೆಸರು ಇನ್ನೂ ಯಾರು ಯಾರಿಗೆ ಗೊತ್ತಾಗಿದೆಯೋ ಎಂದು ಮಾತ್ರ ಚಿಂತೆಯಾಯಿತು.

ತೊಳೆದ ಶೀಶೆಯನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕನ್ಯೆ ನೋಡಲು ಬಂದ ಬೀಗರಂತೆ ಸುತ್ತಲೂ ತಿರುಗಿಸಿ ನೋಡುತ್ತಿದ್ದರು. ಒಪ್ಪಿಗೆಯಾದರೆ ಬೋರಲು ಹಾಕುವರು. ಇಲ್ಲದಿದ್ದರೆ ಮತ್ತೆ ಮೊದಲಿನಿಂದ. ಹುಡುಗರು ಯಾರಾದರೂ ಅದರ ಬಾಯಿಗೆ ಬೆರಳು ತಾಗಿಸಿದರೆ, “ತಮ್ಮಾ, ಅದೇನು ಚಾದ ಕಪ್ಪಲ್ಲ, ಕೆಳಗಿಡು” ಎಂಬ ಗದರಿಕೆ ಬೀಳುತ್ತಿತ್ತು. ನನಗೂ ರಿಯಾಯಿತಿ ಇರಲಿಲ್ಲ. “ಸರ್, ಕೈ ತಗೀರಿ. ನಿಮ್ಮ ಅಂಗೈಗೆ ಬೆವರು ಬಂದದ. ನೀವು ಬರೇ ಹೀಂಗ ನೋಡಿದ್ರನ ಗಾಜು ಹೊಲಸಾಗ್ತದ.”

ನಲವತ್ತಮೂರನೆಯ ವಯಸ್ಸಿನಲ್ಲಿ ನನಗೆ ಪಿಎಚ್.ಡಿ. ಮಾಡುವ ಬುದ್ಧಿ ಬಂತು. ಬಂತು ಅನ್ನುವುದಕ್ಕಿಂತ, ಮಾಡದಿದ್ದರೆ ಏನೇನು ಆಗಬಹುದೆಂಬ ಹೆದರಿಕೆ ಅದನ್ನು ತಂದಿತು. ನನ್ನ ಗೈಡ್ ನನಗಿಂತ ಏಳು ವರ್ಷ ಚಿಕ್ಕವರು, ಮಾತು ಕಡಿಮೆ. ಅವರು ಕೊಟ್ಟ ವಿಷಯ ಬಂಗಾರದ ನ್ಯಾನೋಕಣಗಳು. ಕೂದಲೆಳೆಯ ಅಗಲದಲ್ಲಿ ಸಾವಿರಗಟ್ಟಲೆ ಸಾಲಾಗಿ ನಿಲ್ಲಬಲ್ಲಷ್ಟು ಸಣ್ಣವು. ಬಂಗಾರ ಅಷ್ಟು ಸಣ್ಣದಾದರೆ ಹಳದಿಯಾಗಿ ಉಳಿಯುವುದಿಲ್ಲ. ನೀರಿನಲ್ಲಿ ತೇಲಿಕೊಂಡು ಕೆಂಪಗೆ ಕಾಣುತ್ತದೆ.

ಅದನ್ನು ಮಾಡುವ ದಿನ ಕಾಶೀಬಾಯಿ ಬೇರೆ ಕೆಲಸ ಹಿಡಿಯುತ್ತಿರಲಿಲ್ಲ. ಬಂಗಾರದ ಉಪ್ಪು ಕರಗಿದ ತಿಳಿಹಳದಿ ನೀರು ಕುದಿಯುತ್ತದೆ. ಅದಕ್ಕೆ ಸಿಟ್ರೇಟ್ ಸುರಿದರೆ ಮೊದಲು ಬಣ್ಣವೇ ಹೋಗಿಬಿಡುತ್ತದೆ. ಆಮೇಲೆ ಪಾತ್ರೆ ತೊಳೆದ ನೀರಿನಂತೆ ಬೂದಿಗಪ್ಪು. ಆ ಹಂತದಲ್ಲಿ ಪ್ರತಿ ಸಲವೂ ನಾನು ಎಲ್ಲ ಮುಗಿಯಿತೆಂದು ಕುರ್ಚಿ ಹುಡುಕುತ್ತಿದ್ದೆ. ಅವರು ಸೆರಗು ಸಿಕ್ಕಿಸಿಕೊಂಡು ಬಗ್ಗಿ ನೋಡುತ್ತಲೇ ಇರುತ್ತಿದ್ದರು.

“ಬಂತು ಬಂತು. ಬದನಿ ಆತು... ಈಗ ನೋಡ್ರಿ, ದಾಳಿಂಬ್ರಿ!”

ಬಣ್ಣಗಳಿಗೆ ಅವರದೇ ಹೆಸರುಗಳಿದ್ದವು. ಒಳ್ಳೆಯ ಕೆಂಪು ದಾಳಿಂಬ್ರಿ. ಸ್ವಲ್ಪ ಕಂದಿದರೆ ಬಾಳಿಸಿಪ್ಪಿ. ಅದು ಕಮಲಾಪುರದ ಬಾಳೆಯ ಸಿಪ್ಪೆ, ಹೊರಗಿನವರಿಗೆ ಅರ್ಥವಾಗದು. ನೇರಳೆಯತ್ತ ಹೊರಳಿದರೆ ಬದನಿ. ಪೂರಾ ಹೋದರೆ ‘ನೀಲಿ ಹಾಕಿದ ಧೋತರ’. ಮೊದಮೊದಲು ನಾನು ನಕ್ಕೆ. ಆಮೇಲೆ ನೋಡಿದರೆ, ಅವರು ಬದನಿ ಎಂದ ದ್ರಾವಣಗಳೆಲ್ಲ ಯಂತ್ರದಲ್ಲೂ ಒಂದೇ ಜಾಗದಲ್ಲಿ ಬಂದು ನಿಲ್ಲುತ್ತಿದ್ದವು. ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ‘ಬದನಿ’, ‘ದಾಳಿಂಬ್ರಿ’ ಎಂದು ಬರೆದುಕೊಳ್ಳತೊಡಗಿದೆ. ಗೈಡ್ ಕೇಳಿದರೆ ಮನೆಗೆ ಒಯ್ಯಬೇಕಾದ ಸಂತೆಯ ಪಟ್ಟಿ ಎಂದು ಹೇಳುವುದೆಂದು ನಿರ್ಧರಿಸಿದ್ದೆ.

ನನ್ನ ನಿಜವಾದ ಕೆಲಸ ಶುರುವಾಗುವುದು ಕೆಂಪು ಬಂದ ಮೇಲೆ. ಈ ಕಣಗಳ ಮೈಗೆ ಒಂದು ಪಾಲಿಮರಿನ ಕೂದಲು ಅಂಟಿಸಬೇಕು. ತಂಪಿದ್ದಾಗ ಆ ಕೂದಲು ನೀರು ಕುಡಿದು ಹರಡಿಕೊಂಡಿರುತ್ತದೆ, ಕಣಗಳು ಒಂದಕ್ಕೊಂದು ದೂರ ಇರುತ್ತವೆ, ದ್ರಾವಣ ಕೆಂಪು. ಮೂವತ್ತೆರಡು ಡಿಗ್ರಿಯ ಆಸುಪಾಸು ದಾಟಿದರೆ ಕೂದಲು ನೀರು ಬಿಟ್ಟು ಮುದುಡುತ್ತದೆ, ಕಣಗಳು ತಾವಾಗಿಯೇ ಬಂದು ಗುಂಪು ಕಟ್ಟುತ್ತವೆ, ದ್ರಾವಣ ನೀಲಿಗೆ ಹೊರಳುತ್ತದೆ. ತಣಿದರೆ ಗುಂಪು ಬಿಚ್ಚಿ ಮತ್ತೆ ಕೆಂಪು. ನಡುವೆ ಯಾರೂ ಕೈ ಹಾಕುವುದಿಲ್ಲ. ಕೂಡುವುದೂ ಅವೇ, ಅಗಲುವುದೂ ಅವೇ. ನಾವು ಬದಲಿಸುವುದು ಬಿಸಿಯೊಂದನ್ನೇ.

ಪುಸ್ತಕದಲ್ಲಿ ಹೀಗೆ. ನನ್ನ ಮೇಜಿನ ಮೇಲೆ ಮಾತ್ರ ಕೂದಲು ಅಂಟಿಸಿ ಮುಗಿಸುವಷ್ಟರಲ್ಲಿ ದ್ರಾವಣ ನೀಲಿಯಾಗಿ ಕೂತಿರುತ್ತಿತ್ತು. ಬಿಸಿ ಮಾಡಿದರೂ ನೀಲಿ. ಬಿಟ್ಟರೂ ನೀಲಿ. ಮಾರ್ಚಿನಲ್ಲಿ ಎರಡು ಸಲ, ಏಪ್ರಿಲಿನಲ್ಲಿ ನಾಲ್ಕು ಸಲ ಹೀಗೇ ಆಯಿತು. “ಕೆಟ್ಟದ, ಚೆಲ್ಲಿಬಿಡ್ರಿ ಕಾಶೀಬಾಯಿ” ಎಂದು ಆರು ಸಲ ಹೇಳಿದೆ. ಆರನೆಯ ಸಲ ಹೇಳುವಾಗ, ನನ್ನ ನೋಂದಣಿ ರದ್ದಾದ ಪತ್ರವನ್ನು ಯಾವ ಫೈಲಿನಲ್ಲಿಡಬೇಕೆಂದು ಯೋಚಿಸುತ್ತಿದ್ದೆ.

ಒಂದು ದಿನ ಪರೀಕ್ಷೆಯ ಕೆಲಸಕ್ಕೆಂದು ಮುಂಜಾನೆ ಏಳಕ್ಕೇ ಕಾಲೇಜಿಗೆ ಹೋದೆ. ಲ್ಯಾಬಿನ ಮೂಲೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಹರವಿ ಇತ್ತು. ಅದರ ತೇವದ ಮೈಗೆ ಒತ್ತಿಕೊಂಡು ಆರು ಶೀಶೆಗಳು. ಆರೂ ಕೆಂಪು. ಒಳ್ಳೆಯ ದಾಳಿಂಬ್ರಿ.

ಕಾಶೀಬಾಯಿ ಬಸ್ಸಿಳಿದು ಬರುವವರೆಗೂ ನಾನು ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತೇ ಇದ್ದೆ.

“ಇವು ಎಲ್ಲಿಂದ ಬಂದ್ವು?”

ಅವರು ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಸೆರಗಿನ ತುದಿ ಹಿಡಿದುಕೊಂಡರು. “ನಿಮ್ಮವರೀ. ನೀವು ಚೆಲ್ಲು ಅಂದಿದ್ರಿ. ಬಂಗಾರ ಅಂತೀರಿ, ಮತ್ತ ಚೆಲ್ಲು ಅಂತೀರಿ. ಹ್ಯಾಂಗ ಚೆಲ್ಲಲ್ರೀ? ಕೈ ಬರಲಿಲ್ಲ.”

“ಇವು ನೀಲಿ ಇದ್ವಲ್ಲ!”

“ಮಧ್ಯಾನ ನೀಲೀನ ಇರ್ತಾವ. ಮುಂಜಾನಿ ಕೆಂಪು ಆಗ್ತಾವ. ದಿನಾ ಹಂಗೇ ಅದ.”

“ದಿನಾ? ಎಷ್ಟು ದಿನದಿಂದ?”

“ಹೋಳಿ ಹುಣ್ಣಿಮಿಯಿಂದ.”

“ಮತ್ತ ಹೇಳಲಿಲ್ಲ ಯಾಕ?”

“ನಿಮಗ ಬಿ.ಪಿ. ಅದಲ್ರೀ ಸರ್. ಅವು ಕೆಟ್ಟಿಲ್ಲ, ಅವಕ್ಕ ಸೆಕಿ ಆಗ್ಯದ, ಅಷ್ಟೇ. ನಮಗ ಆಗಂಗಿಲ್ಲೇನು?”

ಮೂವತ್ತೆರಡು ಎಂಬ ಅಂಕಿ ನನಗೆ ಬಾಯಿಪಾಠವಿತ್ತು. ಕಲಬುರಗಿಯ ಏಪ್ರಿಲ್ ಮಧ್ಯಾಹ್ನವೂ ನನಗೆ ಹುಟ್ಟಿನಿಂದ ಗೊತ್ತು. ಎರಡೂ ಒಂದೇ ತಲೆಯಲ್ಲಿ ವಾಸವಾಗಿದ್ದೂ ಒಂದನ್ನೊಂದು ಭೇಟಿಯಾಗಿರಲಿಲ್ಲ. ಗಡಬಡಿಸಿ ನೋಟ್‌ಬುಕ್ ತೆಗೆದೆ. ಆರೂ ಸಲ, ವಿದೇಶದ ಲೇಖನದಿಂದ ಇಳಿಸಿಕೊಂಡು, ನನ್ನ ದುಂಡು ಅಕ್ಷರದಲ್ಲಿ ಬರೆದಿದ್ದೆ: ‘ಕೋಣೆಯ ಉಷ್ಣತೆಯಲ್ಲಿ ಇಡಲಾಯಿತು.’ ಮುಂದೆ ಅಂಕಿ ಇಲ್ಲ. ಅದನ್ನು ಓದಿ ಹೇಳಿದೆ.

ಕಾಶೀಬಾಯಿ ಕೇಳಿದರು: “ಯಾರ ಕೋಣಿರೀ?”

ನನ್ನ ಇಡೀ ಪ್ರಬಂಧದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಲೇಖನ ಬರೆದವರ ಕೋಣೆ ಬೇರೆ, ಅಲ್ಲಿ ಮೇ ತಿಂಗಳಿನಲ್ಲೂ ಸ್ವೆಟರ್ ಹಾಕುತ್ತಾರೆ. ಆ ದಿನ ಮಧ್ಯಾಹ್ನ ಮೂರಕ್ಕೆ ನಾವು ಗೋಡೆಗೆ ನೇತುಹಾಕಿದ ಥರ್ಮಾಮೀಟರಿನಲ್ಲಿ ನಮ್ಮ ಕೋಣೆಯ ಉಷ್ಣತೆ ನಲವತ್ತೊಂದು. ನಾವು ಬಿಸಿ ಮಾಡುವ ಮೊದಲೇ ನಮ್ಮ ಬಂಗಾರ ಮೂವತ್ತೆರಡು ದಾಟಿ ಕೂತಿತ್ತು.

ಅಂದಿನಿಂದ ಹರವಿಯ ಪಕ್ಕದ ಜಾಗ ಅಧಿಕೃತವಾಯಿತು. ಕಾಶೀಬಾಯಿ ಕಸ ಹೊಡೆಯುವಾಗ, ಊಟ ಮಾಡುವಾಗ, ಬಸ್ಸಿಗೆ ಹೊರಡುವಾಗ ಶೀಶೆಗಳನ್ನು ನೋಡಿ ಬಣ್ಣ ಹೇಳುವರು, ನಾನು ಥರ್ಮಾಮೀಟರ್ ನೋಡಿ ಬರೆದುಕೊಳ್ಳುವೆ. ಅವರ ಕುತೂಹಲಕ್ಕೆ ನನ್ನ ಹಾಗೆ ಡಿಗ್ರಿಯ ಆಸೆ ಇರಲಿಲ್ಲ, ಆದ್ದರಿಂದ ಅದಕ್ಕೆ ದಣಿವೂ ಇರಲಿಲ್ಲ.

“ಉಲ್ಟಾ ಮಂದಿ ನೋಡ್ರಿ ಇವು,” ಎಂದರು ಒಮ್ಮೆ. “ನಾವು ಸೆಕಿ ಆದ್ರ ‘ದೂರ ಸರಿ’ ಅಂತೀವಿ. ಇವು ಸೆಕಿಗೇ ಒಂದರ ಮೈಗೆ ಒಂದು ಹತ್ತತಾವ.”

ಇನ್ನೊಂದು ದಿನ: “ಸರ್, ನೀಲಿ ಆಗೂದು ಲಗೂನ ಆಗ್ತದ. ಕೆಂಪು ಆಗೂದು ತಡ. ಅದೇ ಬಿಸಿಗೆ ತಿರುಗಂಗಿಲ್ಲ, ಇನ್ನೂ ಜರಾ ತಂಪು ಬೇಕು ಅಂತಾವ.”

“ಇಲ್ಲ, ನಿಮಗ ಹಂಗ ಕಾಣ್ತದ.”

“ಕಾಣೂದಲ್ರೀ, ಅದ. ಬೀಗರು ಹೊಂಟಾಗ ನೋಡ್ರಿ. ಬರ್ತೀವಿ ಅಂತ ಎದ್ದು ನಿಂತು, ಬಾಗಿಲದಾಗ ಮತ್ತ ಒಂದು ತಾಸು ಮಾತಾಡ್ತಾರಲ್ಲ? ಹಂಗ. ಕೂಡಾಕ ಟೈಮ್ ಬೇಕಾಗಿಲ್ಲ, ಬಿಡಾಕ ಬೇಕು.”

ನಾನು ಅರ್ಧ ನಂಬಿಕೆಯಲ್ಲಿ ಅಳೆದೆ. ನಿಧಾನವಾಗಿ ಕಾಯಿಸುತ್ತ ಒಂದು ಗೆರೆ, ಅಷ್ಟೇ ನಿಧಾನವಾಗಿ ತಣಿಸುತ್ತ ಇನ್ನೊಂದು. ಎರಡು ಗೆರೆಗಳು ಒಂದರ ಮೇಲೊಂದು ಕೂರಲಿಲ್ಲ. ಇಳಿಯುವ ಗೆರೆ, ಹೌದು, ಬಾಗಿಲಲ್ಲಿ ನಿಂತಿತ್ತು. ಒಮ್ಮೆ ಮುದುಡಿದ ಕೂದಲುಗಳು ತಮ್ಮತಮ್ಮಲ್ಲೇ ಕೊಂಡಿ ಹಾಕಿಕೊಳ್ಳುತ್ತವೆ, ಅದನ್ನು ಬಿಚ್ಚಲು ನೀರಿಗೆ ಸಮಯ ಬೇಕು. ಬಲ್ಲವರಿಗೆ ಇದು ಮೊದಲೇ ಗೊತ್ತಿದ್ದ ಸಂಗತಿ. ಕಾಶೀಬಾಯಿಗೆ ಯಾರೂ ಹೇಳಿರಲಿಲ್ಲ. ಗೆರೆಗಳನ್ನು ಗೈಡ್ ಮುಂದಿಟ್ಟಾಗ ಅವರು ಮೊದಲ ಬಾರಿಗೆ ಕನ್ನಡಕ ತೆಗೆದು ಒರೆಸಿಕೊಂಡರು.

“ಇದನ್ನು ಗಮನಿಸಿದವರು ಯಾರು?”

“ನಾವು,” ಎಂದೆ.

ಆ ‘ನಾವು’ ಎಂಬ ಪದದ ಹಿಂದೆ ಅವಿತುಕೊಂಡವನು ನಾನೊಬ್ಬನೇ. ಸಂಜೆ ಇದನ್ನು ಕಾಶೀಬಾಯಿಗೆ ಹೇಳಿಬಿಟ್ಟೆ. ಅವರು ಜರಾ ಯೋಚಿಸಿ, “ಅಳತಿ ಮಾಡಿದವರು ನೀವೇ ಅಲ್ಲೇನ್ರಿ?” ಎಂದರು. ಅಷ್ಟು ಸುಲಭವಾಗಿ ಕ್ಷಮಿಸಿದರೆ ನನ್ನಂಥವರಿಗೆ ನಿದ್ದೆ ಬರುವುದಿಲ್ಲ.

ಅವರ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ. “ಬಿಟ್ಟು ಹೋಗಿ ಮತ್ತ ಕೂಡ್ತಾವಲ್ರೀ, ಹಳೀ ಜೋಡಿನ ಕೂಡ್ತಾವೋ, ಬ್ಯಾರೆ ಜೋಡಿನೋ?” ಗೈಡನ್ನು ಕೇಳಿದೆ. ಎಲ್ಲ ಕಣಗಳೂ ಒಂದೇ ಥರ, ಗುರುತು ಹಿಡಿಯಲಾಗದು, ಎಂದರು. ಅದನ್ನು ಹೇಳಿದಾಗ ಕಾಶೀಬಾಯಿ ತಲೆಯಾಡಿಸಿದರು. “ನಮಗ ಗುರ್ತು ಸಿಗಂಗಿಲ್ಲ. ಅವಕ್ಕ?”

ಇನ್ನು ಸುಗಲಾಬಾಯಿ. ಕಮಲಾಪುರದಲ್ಲಿ ಇಬ್ಬರದೂ ಒಂದೇ ಅಂಗಳ, ಎರಡು ಒಲೆ. ಊರಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಕಾಶೀಬಾಯಿ “ಬಂಗಾರದ ಕೆಲಸ” ಎನ್ನುವರು. ಸುಳ್ಳೇನಲ್ಲ. ಆದರೆ ಪಕ್ಕದ ಒಲೆಯಿಂದ ಸುಗಲಾಬಾಯಿಯ ದನಿ ಬರುತ್ತಿತ್ತಂತೆ: “ಹೌದವ್ವಾ, ಬಂಗಾರದ ಕೆಲಸ! ಕಿವ್ಯಾಗ ಒಂದು ಬೆಂಡೋಲಿ ಇಲ್ಲ. ಬಾಟ್ಲಿ ತಿಕ್ಕೂದಕ್ಕ ಬಂಗಾರ ಅಂತಾರೇನು ಶಹರದಾಗ?”

ಇದನ್ನು ಕಾಶೀಬಾಯಿ ನಗುತ್ತಲೇ ಹೇಳುತ್ತಿದ್ದರು. ದೂರು ಇರಲಿಲ್ಲ. “ಆಕಿದೇನು ತಪ್ಪಲ್ರೀ. ನಾ ಬಸ್ ಹತ್ತಿ ಬಂದುಬಿಡ್ತೀನಿ. ದನ, ಕೂಸು, ಅತ್ತಿ, ಎಲ್ಲಾ ಆಕಿ ಕೊರಳಿಗೆ. ಇಪ್ಪತ್ತೆಂಟು ವರ್ಷ. ಯಾರಿಗರೆ ಸಿಟ್ಟು ಬರ್ತದ. ಆದ್ರ ಖರೇನ ಬಂಗಾರ ಅದ ಅಂತ ಆಕಿ ಒಂದ್ಸಲ ನಂಬಬೇಕ್ರಿ. ಇಲ್ಲಾಂದ್ರ ನಾ ಇಷ್ಟು ವರ್ಷ ಹೊರಗ ಬಂದು ಏನ್ ಮಾಡಿದೆ ಅಂತ ಆಕಿಗೆ ಎಂದೂ ತಿಳಿಯಂಗಿಲ್ಲ.”

ಪ್ರಬಂಧ ಸಲ್ಲಿಸಿ, ಡಿಗ್ರಿ ಬಂದ ಮೇಲೆ ನಾನು ಕೃತಜ್ಞತೆಯ ಪುಟ ತೆರೆದು ಅವರ ಹೆಸರು ತೋರಿಸಿದೆ. ಅವರು ಬೆರಳಿನಿಂದ ಸವರಿದರು. “ಛಂದ ಅದ. ಇಂಗ್ಲಿಷಿನಾಗ ಅದಲ್ಲ? ಸುಗಲಾಗ ಕನ್ನಡಾನೇ ಓದಾಕ ಬರಂಗಿಲ್ಲ.” ಪುಸ್ತಕ ಮುಚ್ಚಿ ಕೈಗೆ ಕೊಟ್ಟರು. “ಫೆಬ್ರುವರಿಗೆ ನನ್ನ ರಿಟೈರ್ಮೆಂಟ್ ಅದ. ಅದರೊಳಗ ಒಂದ್ಸಲ ನಮ್ಮ ಊರಿಗೆ ತರೂಣೇನ್ರಿ? ಆಕಿ ಕಣ್ಣಿಲೆ ನೋಡ್ಲಿ.”

ಅವರು ಏಳನೆಯವರೆಗೆ ಓದಿದ್ದ ಶಾಲೆಯಲ್ಲಿ ವಿಜ್ಞಾನ ದಿನದ ಕಾರ್ಯಕ್ರಮ, ಆ ದಿನಕ್ಕೆ ನಾಲ್ಕು ದಿನ ಮೊದಲೇ, ನಿಗದಿಯಾಯಿತು. ಮಕ್ಕಳ ಜೊತೆ ಊರಿನ ಹೆಂಗಸರೂ ಬರಬಹುದೆಂದು ಮುಖ್ಯೋಪಾಧ್ಯಾಯಿನಿ ಒಪ್ಪಿದರು. ನಾನು ಚಾರ್ಟು ಬರೆದೆ, ಬಿಸಿನೀರಿಗೆ ಎರಡು ಥರ್ಮಾಸ್ ಕೊಂಡೆ, ಒಂದು ಕೆಟ್ಟರೆ ಇರಲಿ ಎಂದು. ಕಾಶೀಬಾಯಿ ಥರ್ಮಾಸುಗಳನ್ನು ನೋಡಿ ತಲೆಯಾಡಿಸಿದರು.

“ಬಿಸಿನೀರಾಗ ಅದ್ದಿ ತೋರಿಸಿದ್ರ, ನೀರಾಗ ಏನರೆ ಕಲಸ್ಯಾರ ಅಂತಾಳ. ಆಕಿ ಕೈಯಾಗ ಆಗ್ಬೇಕ್ರಿ, ಆಕಿ ಕೈಯಾಗ.”

ಹೀಗೆ ಹದ ಮಾಡುವ ಕೆಲಸ ಬಂತು. ದ್ರಾವಣಕ್ಕೆ ಸ್ವಲ್ಪ ಉಪ್ಪು ಕೂಡಿಸಿದರೆ ಕಣಗಳು ಇನ್ನೂ ಕಡಿಮೆ ಬಿಸಿಗೇ ಗುಂಪು ಕಟ್ಟುತ್ತವೆ. ಚಳಿಗಾಲದ ಮುಂಜಾನೆಗಳಲ್ಲಿ ಇಬ್ಬರೂ ಮುಷ್ಟಿಯಲ್ಲಿ ಶೀಶೆ ಹಿಡಿದು, ಜಪಕ್ಕೆ ಕೂತವರಂತೆ ಎದುರುಬದುರು ಕೂತು, ಅಂಗೈಯ ಬಿಸಿಗೇ ಬಣ್ಣ ತಿರುಗುವ ಹದ ಹುಡುಕಿದೆವು. ಕಿರುಬೆರಳಿನಷ್ಟು ಸಣ್ಣ, ತೆಳು ಗಾಜಿನ ಎಂಟು ಶೀಶೆ ಆರಿಸಿ ತುಂಬಿ, ಬಾಯಿಗೆ ಮೇಣ ಹಾಕಿದವರೂ ಅವರೇ.

ಆ ದಿನ ಬಸ್ಸು ಸರಿಯಾದ ಹೊತ್ತಿಗೆ ಹೊರಟಿತು. ಪಕ್ಕದವರು ತೂಕಡಿಸಲಿಲ್ಲ. ಶಾಲೆಯ ಕಲ್ಲುಗೋಡೆಯ ಕೋಣೆ ತಣ್ಣಗಿತ್ತು, ಶೀಶೆಗಳು ಕೆಂಪಗಿದ್ದವು. ನಾನು ಚಾರ್ಟು ಬಿಚ್ಚಲು ಹೊರಟಾಗ ಕಾಶೀಬಾಯಿ ಮೆಲ್ಲಗೆ, “ನೀವು ಹಿಂದ ಕುಂದರ್ರಿ ಸರ್. ನಿಮ್ಮ ಮಾರಿ ನೋಡಿದ್ರ ಮಂದಿಗೆ ಏನೋ ಕೆಡಾಕತ್ತದ ಅನಸ್ತದ” ಎಂದರು. ಹಿಂದೆ ಹೋಗಿ ಕೂತೆ.

ಅವರು ಮೈಕು ಮುಟ್ಟಲಿಲ್ಲ. ಒಂದು ಶೀಶೆ ಎತ್ತಿ ಹಿಡಿದರು.

“ಇದು ಬಂಗಾರ,” ಎಂದರು.

ಸುಗಲಾಬಾಯಿ ಮುಂದಿನ ಸಾಲಿನಲ್ಲಿದ್ದರು. ತೆಳ್ಳಗಿನ, ಎತ್ತರದ ಹೆಂಗಸು, ಹಸಿರು ಬಳೆ. ನಗಲಿಲ್ಲ. ತುಟಿ ಮಾತ್ರ ಒಂದು ಕಡೆಗೆ ಎಳೆಯಿತು. ನಕ್ಕಿದ್ದರೇ ವಾಸಿ ಎನಿಸಿತು ನನಗೆ.

ಕಾಶೀಬಾಯಿ ಏಳು ಹುಡುಗಿಯರಿಗೆ ಏಳು ಶೀಶೆ ಕೊಟ್ಟು ಮುಷ್ಟಿ ಮುಚ್ಚಿಸಿದರು. ಎಂಟನೆಯದನ್ನು ತಾವೇ ಒಯ್ದು ಸುಗಲಾಬಾಯಿಯ ಕೈಗಿಟ್ಟರು. “ಮುಚ್ಚಿ ಹಿಡಿ.”

“ಏನ್ ಆಗ್ತದ?”

“ಹಿಡಿ ಅಂದ್ರ ಹಿಡಿ!”

ಕಣಗಳ ವಿಷಯವನ್ನು ಅವರು ಹೇಳಿದ ರೀತಿಯನ್ನು ನಾನು ಯಾವ ತರಗತಿಯಲ್ಲೂ ಹೇಳಲಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಕಾಳು, ಪ್ರತಿ ಕಾಳಿಗೂ ಜಡೆ, ತಂಪಿದ್ದಾಗ ಜಡೆ ಬಿಚ್ಚಿ ಹರವಿಕೊಂಡು ಕೂರುತ್ತವೆ, ಬಿಸಿಯಾದರೆ ಜಡೆ ಕಟ್ಟಿ ಒತ್ತೊತ್ತಾಗಿ ಬಂದು ಸೇರುತ್ತವೆ. “ಬಾ ಅಂತ ಯಾರೂ ಕರಿಯಂಗಿಲ್ಲ. ತಾವೇ ಬರ್ತಾವ.” ಮಾತು ಮುಗಿಯುವಷ್ಟರಲ್ಲಿ ಒಬ್ಬ ಹುಡುಗಿ ಮುಷ್ಟಿ ಬಿಚ್ಚಿ ಕೂಗಿದಳು. ನೀಲಿ! ಇನ್ನೊಬ್ಬಳದು ನೀಲಿ. ಏಳೂ ನೀಲಿ. ಕೋಣೆಯೆಲ್ಲ ಗದ್ದಲ. ಹೆಂಗಸರು ಎದ್ದು ಬಂದು ಮಕ್ಕಳ ಅಂಗೈ ಹಿಡಿದು ನೋಡಿದರು.

ಸುಗಲಾಬಾಯಿ ತಮ್ಮ ಮುಷ್ಟಿ ಬಿಚ್ಚಿದರು. ಕೆಂಪು.

ಗದ್ದಲ ತಗ್ಗಿತು. ಕಾರಣ ನನಗೆ ಹಿಂದಿನ ಬೆಂಚಿನಲ್ಲಿ ತಡವಾಗಿ ಹೊಳೆಯಿತು. ಆಗಷ್ಟೇ ಸಗಣಿ ಬಳಿದು, ತಣ್ಣೀರಲ್ಲಿ ಕೈ ತೊಳೆದು ಬಂದವರು ಅವರು. ನೂರು ಸಲ ಹದ ನೋಡಿದ್ದೆವು, ದುಡಿದ ಹೆಂಗಸಿನ ತಣ್ಣನೆಯ ಕೈ ನಮ್ಮ ಲೆಕ್ಕದಲ್ಲಿ ಇರಲೇ ಇಲ್ಲ.

“ನೋಡವ್ವಾ,” ಎಂದರು ಸುಗಲಾಬಾಯಿ. “ನನ್ನ ಕೈಯಾಗ ಬಂದ್ರ ನಿನ್ನ ಬಂಗಾರನೂ ಬಣ್ಣದ ನೀರು.”

ಕಾಶೀಬಾಯಿ ಅವರ ಹತ್ತಿರ ಬಂದರು. ಎದುರಿಗೆ ನೆಲದ ಮೇಲೆ ಕೂತರು. ಶೀಶೆ ಹಿಡಿದಿದ್ದ ಆ ಕೈಯನ್ನು ಮತ್ತೆ ಮುಚ್ಚಿಸಿ, ತಮ್ಮ ಸುಲಿದ ಎರಡೂ ಕೈಗಳಲ್ಲಿ ಸುತ್ತಿ ಹಿಡಿದರು. ಸುಗಲಾಬಾಯಿ ಒಮ್ಮೆ ಎಳೆದುಕೊಳ್ಳಲು ನೋಡಿದರು. ಬಿಡಲಿಲ್ಲ.

“ಎಷ್ಟು ತಣ್ಣ ಅದ ಕೈ,” ಎಂದರು ಕಾಶೀಬಾಯಿ, ನಮಗ್ಯಾರಿಗೂ ಅಲ್ಲದೆ.

“ಮುಂಜಾನಿಯಿಂದ ನೀರಾಗೇ ಅದ.”

“ನಂಗ ಗೊತ್ತದ.”

ಎಷ್ಟು ಹೊತ್ತೋ. ಮಕ್ಕಳು ಬೆಂಚು ಹತ್ತಿ ಇಣುಕಿದರು. ಕೈ ಬಿಚ್ಚಿದಾಗ ಸುಗಲಾಬಾಯಿ ಬಗ್ಗಿ ನೋಡಿ, ಶೀಶೆಯನ್ನು ಕಿಟಕಿಗೆ ಹಿಡಿದು, ತಿರುಗಿಸಿ, ಮತ್ತೆ ನೋಡಿದರು.

“ಬದನಿ ಆತು,” ಎಂದರು.

ಆ ಹೆಸರನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದೇ ಅಂಗಳದ ಕಣ್ಣು.

ಕಾರ್ಯಕ್ರಮ ಮುಗಿದು ಮಕ್ಕಳಿಗೆ ಬಾಳೆಹಣ್ಣು ಹಂಚಿದರು. ನಾನು ಶೀಶೆಗಳನ್ನು ಒರೆಸಿ ಡಬ್ಬಿಗೆ ಹಾಕುತ್ತ ಎಣಿಸಿದೆ. ಏಳು. ಮತ್ತೆ ಎಣಿಸಿದೆ. ಬೆಂಚುಗಳ ಕೆಳಗೆ ಹುಡುಕಿದೆ. ಹುಡುಗಿಯರ ಚೀಲ ತೆಗೆಸಲು ಮುಖ್ಯೋಪಾಧ್ಯಾಯಿನಿಯನ್ನು ಕೇಳುವಷ್ಟರಲ್ಲಿ ಕಾಶೀಬಾಯಿ ನನ್ನ ತೋಳು ಹಿಡಿದು ಬಸ್ ನಿಲ್ದಾಣದ ಕಡೆಗೆ ಕರೆದುಕೊಂಡು ಹೊರಟರು.

ಅದು ನಮ್ಮ ಕೊನೆಯ ಭೇಟಿಯಂತೆಯೇ ಆಯಿತು. ಮರುದಿನವೇ ನಾನು ಮೌಲ್ಯಮಾಪನಕ್ಕೆಂದು ಬೇರೆ ಊರಿಗೆ ಹೋದೆ, ತಿಂಗಳ ಕೊನೆಗೆ ಅವರು ನಿವೃತ್ತರಾದ ದಿನವೂ ಅಲ್ಲೇ ಇದ್ದೆ. ಮಳೆಗಾಲದಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ಸುದ್ದಿ ನನಗೆ ತಲುಪುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಈಗ ಲ್ಯಾಬಿನಲ್ಲಿ ಗಾಜು ತೊಳೆಯಲು ಯಂತ್ರ ಬಂದಿದೆ. ಒಂದು ಕಣ್ಣು ಮುಚ್ಚಿ ನೋಡುವವರಿಲ್ಲ. ನಾನು ಬಣ್ಣಗಳನ್ನು ಬರೆದುಕೊಳ್ಳುವಾಗ ಅವರ ಹೆಸರುಗಳನ್ನೇ ಬರೆಯುತ್ತೇನೆ, ಈಗ ಪೆನ್ನಿನಲ್ಲಿ.

ಆದರೆ ಆ ಮಧ್ಯಾಹ್ನ ಕಮಲಾಪುರದ ನಿಲ್ದಾಣದ ನೆರಳಿನಲ್ಲಿ ನನಗೆ ಶೀಶೆಯದೇ ಧ್ಯಾನ.

“ಯಾವ ಹುಡುಗಿ ಒಯ್ದಾಳೋ ಏನೋ. ಒಡದ್ರ? ಬಾಯಾಗ ಹಾಕ್ಕೊಂಡ್ರ?”

“ಹುಡುಗ್ಯಾರು ಒಯ್ದಿಲ್ರೀ,” ಎಂದರು ಕಾಶೀಬಾಯಿ. “ಸುಗಲಾ ಒಯ್ದಾಳ. ಸೆರಗಿನ ಚುಂಗಿಗೆ ಗಂಟು ಹಾಕಿ, ನಡಕ್ಕ ಸಿಕ್ಕಿಸ್ಕೊಂಡು ಹೋದಳು. ನಾ ನೋಡೀನಿ.”

“ಮತ್ತ ಕೇಳಬಾರದೇನ್ರಿ? ನಡೀರಿ, ನಾನೇ ಕೇಳ್ತೀನಿ.”

ಅವರು ನನ್ನ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದರು. ಮುಖದ ತುಂಬ ನಗು.

“ಬ್ಯಾಡ್ರಿ ಸರ್, ನಿಮ್ಮ ಕಾಲಿಗೆ ಬೀಳ್ತೀನಿ. ಕೇಳಿದ್ರ ‘ಈ ಬಣ್ಣದ ನೀರು ನನಗ್ಯಾಕ’ ಅಂತ ವಾಪಸ್ ಕೊಟ್ಟುಬಿಡ್ತಾಳ.”